ಮನೆಗೊಂದು ಪ್ರಿಂಟರ್: ಕಾರ್ಟ್ರಿಡ್ಜ್, ಟ್ಯಾಂಕ್, ಜೆರಾಕ್ಸ್ ಅಂಗಡಿ, ಹಳೇ ಲೇಸರ್

ಈ ನಾಲ್ಕನ್ನೂ ಬಳಸಿ ನೋಡಿದೆ. ಗೆದ್ದಿದ್ದು ಯಾವುದು ಅಂತ ಕೊನೆವರೆಗೆ ಕಾಯಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಜಿನ ಮೇಲೆ ಈಗ ಇರುವುದು ಒಂದು ಸೆಕೆಂಡ್ ಹ್ಯಾಂಡ್ ಲೇಸರ್ ಪ್ರಿಂಟರ್. ವಯಸ್ಸು ಹದಿನೈದು ದಾಟಿದೆ. ವೈಫೈ ಇಲ್ಲ, ಬಣ್ಣ ಇಲ್ಲ, ಸ್ಕ್ಯಾನರ್ ಇಲ್ಲ. ಬಿಳಿ ಪ್ಲಾಸ್ಟಿಕ್ಕು ಹಳೇ ಹಲ್ಲಿನ ಹಾಗೆ ಹಳದಿಯಾಗಿದೆ. 4,500 ರೂಪಾಯಿ ಕೊಟ್ಟು ತಂದಾಗ ನಮ್ಮನೆಯವರು ನಕ್ಕಿದ್ದರು. ಈಗ ಅವರ ಕಾಗದಪತ್ರಗಳೂ ಇದರಲ್ಲೇ ಬರುತ್ತವೆ.

ನನ್ನ ಕೆಲಸ ಏನು ಅಂತ ಗೊತ್ತಿಲ್ಲದೆ ಈ ಹೋಲಿಕೆ ಓದಿದರೆ ಪ್ರಯೋಜನ ಇಲ್ಲ. ದಾವಣಗೆರೆಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತೇನೆ. ಕನ್ನಡ ಮತ್ತು ಸಮಾಜ ವಿಜ್ಞಾನ, ಹನ್ನೊಂದು ಮಕ್ಕಳು, ವಾರಕ್ಕೊಂದು ಟೆಸ್ಟ್. ತಿಂಗಳಿಗೆ ಸುಮಾರು 150 ಪುಟ ಆಗುತ್ತೆ. ಪರೀಕ್ಷೆ ಹತ್ತಿರ ಬಂದರೆ 300. ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ಒಂದು ಪುಟವೂ ಇಲ್ಲ, ಊರಿಗೆ ಹೋಗಿರುತ್ತೇವೆ. ಅದರ ಜೊತೆಗೆ ಅವ್ವನ ಭಜನಾ ಮಂಡಳಿಗೆ ದೊಡ್ಡಕ್ಷರದಲ್ಲಿ ವಚನ, ದಾಸರ ಪದ, ಹನ್ನೆರಡು ಹನ್ನೆರಡು ಪ್ರತಿ. ಆಗೊಮ್ಮೆ ಈಗೊಮ್ಮೆ ಹೊಲದ ಪಹಣಿ. ಬಣ್ಣ ಬೇಕಾಗುವುದು ವರ್ಷಕ್ಕೆ ಎರಡು ಸಲ, ಅದೂ ಮಗನ ಪ್ರಾಜೆಕ್ಟ್‌ಗೆ.

ಆ ಏಪ್ರಿಲ್-ಮೇ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತೆ.

ಕಾರ್ಟ್ರಿಡ್ಜ್ ಪ್ರಿಂಟರ್

2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಎಲ್ಲರ ಹಾಗೆ ನಾನೂ ಒಂದು ತಂದೆ. 3,800 ರೂಪಾಯಿ. ಪ್ರಿಂಟ್, ಸ್ಕ್ಯಾನ್, ಕಾಪಿ, ವೈಫೈ, ಎಲ್ಲಾ ಇತ್ತು. ಇಷ್ಟು ಕಮ್ಮಿಗೆ ಹೇಗೆ ಕೊಡ್ತಾರೆ ಅಂತ ಆಶ್ಚರ್ಯ ಆಗಿತ್ತು. ಒಂದೂವರೆ ತಿಂಗಳಲ್ಲಿ ಗೊತ್ತಾಯಿತು. ಕಪ್ಪು ಕಾರ್ಟ್ರಿಡ್ಜ್, ಅಂದರೆ ಇಂಕ್ ತುಂಬಿದ ಸಣ್ಣ ಡಬ್ಬಿ, ಮುಗಿಯಿತು. ಹೊಸದಕ್ಕೆ 850 ರೂಪಾಯಿ. ಡಬ್ಬದ ಮೇಲೆ ಕಂಪನಿಯವರೇ ಬರೆದುಕೊಂಡಿರುವುದು 120 ಪುಟ. ಲೆಕ್ಕ ಹಾಕಿ, ಪುಟಕ್ಕೆ ಏಳು ರೂಪಾಯಿ ಮೇಲೆ. ಒಂದು ಪುಟದ ಟೆಸ್ಟ್ ಹನ್ನೊಂದು ಮಕ್ಕಳಿಗೆ ಕೊಟ್ಟರೆ ಎಪ್ಪತ್ತೇಳು ರೂಪಾಯಿ. ಫೀಸು ಕೇಳುವುದಕ್ಕೇ ಮುಜುಗರ ಪಡುವವಳು ನಾನು.

ಆಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಬೇರೆ ಯಾರೋ ತಯಾರಿಸಿದ, ಅದೇ ಅಳತೆಯ ಕಾರ್ಟ್ರಿಡ್ಜ್ ತಂದೆ. ಅರ್ಧಕ್ಕಿಂತ ಕಮ್ಮಿ ಬೆಲೆ. ಚೆನ್ನಾಗಿಯೇ ನಡೆಯಿತು. ಎರಡು ತಿಂಗಳು ಯಾವ ತಕರಾರೂ ಇಲ್ಲ.

ಒಂದು ಭಾನುವಾರ ರಾತ್ರಿ ಹತ್ತು ಗಂಟೆ. ಮರುದಿನ ಬೆಳಿಗ್ಗೆ ಆರೂವರೆಗೆ ಮಕ್ಕಳು ಬರುತ್ತಾರೆ, ವ್ಯಾಕರಣದ ಟೆಸ್ಟ್. ಪ್ರಶ್ನೆಪತ್ರಿಕೆ ಸಿದ್ಧ. ಪ್ರಿಂಟ್ ಒತ್ತಿದೆ. ಪ್ರಿಂಟರ್ ಗೊರ್ ಅಂತು, ಆಮೇಲೆ ಸುಮ್ಮನಾಯಿತು. ಮೊಬೈಲಿನಲ್ಲಿ ಒಂದು ಸಂದೇಶ: ಈ ಕಾರ್ಟ್ರಿಡ್ಜ್ ನಡೆಯುವುದಿಲ್ಲ, ಅಸಲಿ ಕಾರ್ಟ್ರಿಡ್ಜ್ ಹಾಕಿ. ಶುಕ್ರವಾರ ಇದೇ ಕಾರ್ಟ್ರಿಡ್ಜ್‌ನಲ್ಲಿ ನಲವತ್ತು ಪುಟ ತೆಗೆದಿದ್ದೆ. ಆಫ್ ಮಾಡಿದೆ, ಆನ್ ಮಾಡಿದೆ. ಕಾರ್ಟ್ರಿಡ್ಜ್ ಹೊರಗೆ ತೆಗೆದು ಅದರ ತಾಮ್ರದ ಚುಕ್ಕೆಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ. ಮಗ ಊದಿದ. ನಮ್ಮನೆಯವರು ಎದ್ದು ಬಂದು, ಗಂಡಸರು ಮಾಡುವ ಹಾಗೆ, ಎರಡು ಸಲ ತಟ್ಟಿ ಹೋದರು. ಊಹ್ಞೂಂ.

ಆ ರಾತ್ರಿ ಹನ್ನೊಂದು ಪ್ರತಿ ಕೈಯಲ್ಲೇ ಬರೆದೆ. ಎಂಟನೇ ಪ್ರತಿಯಲ್ಲಿ ನಾನೇ ಒಂದು ಕಾಗುಣಿತ ತಪ್ಪು ಮಾಡಿದ್ದೆ. ಮರುದಿನ ಒಬ್ಬಳು ಹುಡುಗಿ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕೊಟ್ಟಳು.

ಬೆಳಿಗ್ಗೆ ಸಹಾಯವಾಣಿಗೆ ಫೋನ್ ಮಾಡಿದೆ. ಸೀರಿಯಲ್ ನಂಬರ್ ಕೇಳಿದರು, ಇಮೇಲ್ ಕೇಳಿದರು, ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬರು ಸಿಕ್ಕರು.

"ಅಪ್‌ಡೇಟ್ ಆಗಿದೆ ಮೇಡಂ, ಅದಕ್ಕೆ ಹೀಗೆ."

"ನಾನು ಮಾಡಿಲ್ವಲ್ಲ?"

"ತಾನಾಗೇ ಆಗುತ್ತೆ ಮೇಡಂ. ಹಾಕಿಸುವಾಗ ನೀವು ಒಪ್ಪಿಗೆ ಕೊಟ್ಟಿರ್ತೀರಿ."

ಹೌದು, ಕೊಟ್ಟಿದ್ದೆ. ಮೂವತ್ತು ಪುಟದ ಇಂಗ್ಲಿಷಿನ ಕೆಳಗೆ ಒಂದು ಗುಂಡಿ ಇತ್ತು. ಒತ್ತದಿದ್ದರೆ ಪ್ರಿಂಟರ್ ಕೆಲಸವನ್ನೇ ಶುರು ಮಾಡುತ್ತಿರಲಿಲ್ಲ. ಅಪ್‌ಡೇಟನ್ನು ಹಿಂದಕ್ಕೆ ತೆಗೆಯಬಹುದಾ ಅಂತ ಕೇಳಿದೆ. ಆಗುವುದಿಲ್ಲವಂತೆ. ಅಂದರೆ ನಾನು ದುಡ್ಡು ಕೊಟ್ಟು ತಂದ ವಸ್ತುವನ್ನು, ನಾನು ಮಲಗಿದ್ದಾಗ, ನಮ್ಮನೆ ವೈಫೈ ಮೂಲಕವೇ ಬಂದು ಕೆಡಿಸಿ ಹೋಗಿದ್ದಾರೆ. ವೈಫೈ ಬಿಲ್ಲೂ ನಂದೇ.

ಇಷ್ಟಕ್ಕೇ ಮುಗಿಯಲಿಲ್ಲ. ಆಧಾರ್ ಸ್ಕ್ಯಾನ್ ಮಾಡಲು ಹೋದರೆ ಅದಕ್ಕೂ ಅದೇ ಸಂದೇಶ. ಸ್ಕ್ಯಾನ್‌ಗೆ ಇಂಕ್ ಯಾಕೆ ಬೇಕು ಹೇಳಿ? ಗಾಜಿನ ಕೆಳಗೆ ಒಂದು ದೀಪ ಓಡಿದರೆ ಸಾಕಲ್ವಾ? ಊರಿಂದ ವಾಪಸ್ ಬಂದ ಜೂನ್‌ನಲ್ಲಿ ಅಸಲಿ ಕಾರ್ಟ್ರಿಡ್ಜೂ ತಂದು ನೋಡಿದೆ. ಮರುವರ್ಷ ಎರಡು ತಿಂಗಳ ದಾವಣಗೆರೆ ಬಿಸಿಲಿಗೆ ಅದೂ ಒಣಗಿ ಕೂತಿತ್ತು. ಅರ್ಧ ಇಂಕ್ ಒಳಗೇ ಇತ್ತು.

ಕಾರ್ಟ್ರಿಡ್ಜ್ ಅಸಲಿಯೋ ಅಲ್ಲವೋ ಅಂತ ಪ್ರಿಂಟರಿಗೆ ಹೇಳುವುದು ಅದರ ಮೇಲಿನ ಒಂದು ಸಣ್ಣ ಚಿಪ್. ಆ ಚಿಪ್ ಗುಣಮಟ್ಟಕ್ಕೆ, ಸುರಕ್ಷತೆಗೆ ಅನ್ನುತ್ತಾರೆ. 2022ರ ಜನವರಿಯಲ್ಲಿ ಒಂದು ತಮಾಷೆ ನಡೆಯಿತು. ಜಗತ್ತಿನಲ್ಲೆಲ್ಲ ಚಿಪ್ ಕೊರತೆ. ಕ್ಯಾನನ್ ಕಂಪನಿಗೂ ತನ್ನ ಆಫೀಸ್ ಪ್ರಿಂಟರುಗಳ ಟೋನರ್‌ಗೆ (ಇಂಕ್ ಬದಲು ಪುಡಿ ತುಂಬಿದ ಡಬ್ಬ) ಹಾಕಲು ಚಿಪ್ ಸಿಗಲಿಲ್ಲ. ಚಿಪ್ ಇಲ್ಲದ ಟೋನರನ್ನೇ ಮಾರಿ, ಎಚ್ಚರಿಕೆ ಸಂದೇಶ ಬಂದರೆ ಅದನ್ನು ದಾಟಿ ಹೋಗುವುದು ಹೇಗೆ ಅಂತ ಜರ್ಮನಿಯ ಗ್ರಾಹಕರಿಗೆ ಕಂಪನಿಯೇ ಹೇಳಿಕೊಟ್ಟಿತು. ಚಿಪ್ ಇಲ್ಲದೆಯೂ ಪ್ರಿಂಟ್ ಬರುತ್ತೆ ಅಂತ ಅಲ್ಲಿಗೆ ಖಾತ್ರಿಯಾಯಿತು. ಅದಕ್ಕೂ ಮುಂಚೆ, 2017ರ ಮೇ ತಿಂಗಳಲ್ಲಿ, ಕಾರ್ಟ್ರಿಡ್ಜ್ ರೀಫಿಲ್ ಮಾಡುವ ಒಂದು ಸಣ್ಣ ಕಂಪನಿಗೂ ಲೆಕ್ಸ್‌ಮಾರ್ಕ್ ಅನ್ನುವ ಪ್ರಿಂಟರ್ ಕಂಪನಿಗೂ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು: ಒಮ್ಮೆ ಮಾರಿದ ಮೇಲೆ ಆ ಕಾರ್ಟ್ರಿಡ್ಜ್ ಮೇಲೆ ಪೇಟೆಂಟ್ ಹಕ್ಕು ಚಲಾಯಿಸುವ ಹಾಗಿಲ್ಲ. ಕಾರ್ಟ್ರಿಡ್ಜ್ ನಿಮ್ಮದೇ ಅಂತ ಕೋರ್ಟು ಹೇಳಿದರೆ ಏನು ಬಂತು, ಚಿಪ್ ತೀರ್ಪು ಓದುವುದಿಲ್ಲವಲ್ಲ.

ಇಂಕ್ ಟ್ಯಾಂಕ್

ಇದಕ್ಕೆ ನಾನು ಬೈಯುವುದಿಲ್ಲ. ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಇದೆ. ಅವರು ತಿಂಗಳ ಮಟ್ಟಿಗೆ ಊರಲ್ಲಿ ಇರಲಿಲ್ಲ, ತಂದಿಟ್ಟುಕೊಂಡು ನೋಡು ಅಂದರು. ಬಾಟಲಿಯಿಂದ ಇಂಕ್ ಸುರಿಯುವ ಪ್ರಿಂಟರ್ ಇದು. ವಾಲಿದರೆ ಒಳಗೆಲ್ಲಾ ಚೆಲ್ಲುತ್ತೆ. ಹುಬ್ಬಳ್ಳಿಯಿಂದ ದಾವಣಗೆರೆವರೆಗೆ ಹಿಂದಿನ ಸೀಟಿನಲ್ಲಿ ಕೂಸನ್ನು ಹಿಡಿದುಕೊಂಡ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಬಂದೆ. ಆದರೂ ಸೀರೆಗೆ ಒಂದು ಹನಿ ನೀಲಿ ಆಯಿತು. ಹೋಗಿಲ್ಲ ಇನ್ನೂ.

ಇದು ಹುಟ್ಟಿದ ಕಥೆ ಚೆನ್ನಾಗಿದೆ. ಇಂಡೋನೇಷ್ಯಾದಂಥ ಕಡೆ ಅಂಗಡಿಯವರು ಕಾರ್ಟ್ರಿಡ್ಜ್ ಪ್ರಿಂಟರಿಗೆ ತೂತು ಕೊರೆದು, ಪೈಪ್ ಎಳೆದು, ಹೊರಗಡೆ ಇಂಕ್ ಡಬ್ಬ ಕೂರಿಸಿ ಮಾರುತ್ತಿದ್ದರು. ಇದನ್ನು ನಿಲ್ಲಿಸಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಎಪ್ಸನ್ ಕಂಪನಿ ತಾನೇ ಟ್ಯಾಂಕ್ ಇರುವ ಪ್ರಿಂಟರ್ ಮಾಡಿ, 2010ರಲ್ಲಿ ಮೊದಲು ಇಂಡೋನೇಷ್ಯಾದಲ್ಲೇ ಮಾರಾಟಕ್ಕೆ ಬಿಟ್ಟಿತು. ಬೀದಿ ಬದಿಯವರ ಜುಗಾಡು ಕಂಪನಿಯ ಮಾಲಾಯಿತು.

ಪ್ರಿಂಟ್ ಚೆಂದ. ಬಣ್ಣ ಇನ್ನೂ ಚೆಂದ. ಒಂದು ಬಾಟಲಿಗೆ ಸಾವಿರಗಟ್ಟಲೆ ಪುಟ, ಖರ್ಚು ಪೈಸೆ ಲೆಕ್ಕದಲ್ಲಿ. ಆದರೆ ಇದಕ್ಕೂ ನೀರಡಿಕೆ ಆಗುತ್ತೆ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ತೆಗೆಯಬೇಕು, ಇಲ್ಲದಿದ್ದರೆ ಇಂಕ್ ಚಿಮ್ಮಿಸುವ ಹೆಡ್ಡಿನ ಸಣ್ಣ ತೂತುಗಳಲ್ಲಿ ಇಂಕ್ ಗಟ್ಟಿಯಾಗುತ್ತೆ ಅಂತ ಅಣ್ಣ ಹೇಳಿಯೇ ಕಳಿಸಿದ್ದರು. ಅತ್ತಿಗೆ ತುಳಸಿಗೆ ನೀರು ಹಾಕುವ ಹಾಗೆ ಪ್ರತಿ ಸೋಮವಾರ ಒಂದು ಪುಟ ತೆಗೆಯುತ್ತಾರೆ. ಹೆಡ್ ಸ್ವಚ್ಛ ಮಾಡಿದಾಗಲೆಲ್ಲ ವ್ಯರ್ಥ ಇಂಕ್ ಕೆಳಗಿನ ಒಂದು ಪ್ಯಾಡಿಗೆ ಹೋಗುತ್ತೆ. ವರ್ಷಗಟ್ಟಲೆ ಆದ ಮೇಲೆ ಆ ಪ್ಯಾಡ್ ತುಂಬಿತು ಅಂತ ಪ್ರಿಂಟರ್ ಮುಷ್ಕರ ಹೂಡುತ್ತೆ, ಸರ್ವೀಸ್‌ಗೆ ಕೊಡಬೇಕು.

ಕನ್ನಡ ಮೇಷ್ಟ್ರಾಗಿ ಇನ್ನೊಂದು ಮಾತು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಗೆರೆ ತಪ್ಪಿದರೂ ಓದಬಹುದು. ಕನ್ನಡದಲ್ಲಿ ಹಾಗಲ್ಲ. ಹೆಡ್ ಒಂದಿಷ್ಟು ಕಟ್ಟಿಕೊಂಡರೂ ಮೊದಲು ಹೋಗುವುದು ಒತ್ತಕ್ಷರ. "ಸ್ವಾತಂತ್ರ್ಯ", "ಲಕ್ಷ್ಮಿ", "ರಾಷ್ಟ್ರ" ಇಂಥ ಪದಗಳಲ್ಲಿ ಕೆಳಗೆ ಒಂದರ ಕೆಳಗೊಂದು ನೇತಾಡುತ್ತಿರುತ್ತಲ್ಲ, ಅಲ್ಲಿ ಒಂದು ಬಿಳಿ ಗೆರೆ ಹಾದುಹೋದರೆ ಮಕ್ಕಳು ಇದ್ದಿದ್ದು ಇದ್ದ ಹಾಗೆ ತಪ್ಪೇ ಕಲಿಯುತ್ತಾರೆ. ಅಕ್ಷರ ಸಣ್ಣದಿದ್ದು ಕಾಗದದ ಮೇಲೆ ಇಂಕ್ ಸ್ವಲ್ಪ ಹರಡಿದರೂ ಅಷ್ಟೇ.

ದಿನಾ ಬಳಸುವ ಮನೆ, ಬಣ್ಣ ಬೇಕಾದ ಮನೆ, 12,000 ರೂಪಾಯಿ ಒಟ್ಟಿಗೆ ಹಾಕಬಲ್ಲವರು ಆದರೆ ಇದನ್ನೇ ತಗೊಳ್ಳಿ. ನಾನು ಮೂರೂ ಅಲ್ಲ.

ಜೆರಾಕ್ಸ್ ಅಂಗಡಿ

ಸುಮ್ನೆ ಯಾಕೆ ತಲೆಬಿಸಿ, ಮನೆಯಿಂದ ಎರಡು ನಿಮಿಷಕ್ಕೆ ಅಂಗಡಿ ಇದೆಯಲ್ಲ ಅಂತ ನಾಲ್ಕು ತಿಂಗಳು ಅದನ್ನೂ ಮಾಡಿದೆ. ಪ್ರಿಂಟ್ ಒಂದಕ್ಕೆ ಐದು ರೂಪಾಯಿ, ಅದರ ಮೇಲಿನ ಪ್ರತಿಗಳಿಗೆ ಎರಡು ರೂಪಾಯಿ. ಒಳ್ಳೆ ಹುಡುಗ. ಆದರೆ ರಾತ್ರಿ ಎಂಟೂವರೆಗೆ ಬಾಗಿಲು, ಭಾನುವಾರ ರಜೆ. ನನ್ನ ಪ್ರಶ್ನೆಪತ್ರಿಕೆ ಹುಟ್ಟುವುದೇ ಒಂಬತ್ತರ ಮೇಲೆ.

ನುಡಿ ಫಾಂಟಿನ ಹಳೇ ಕಡತ ಹಾಗೇ ಕಳಿಸಿದರೆ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಶ್ನೆಗಳು ಕಾಗೆ ಕಾಲು ಗುಬ್ಬಿ ಕಾಲು ಆಗಿ ಬರುತ್ತಿದ್ದವು. ಪಿಡಿಎಫ್ ಮಾಡಿ ಕಳಿಸಿದರೆ ಸರಿ ಹೋಗುತ್ತೆ, ಅದು ದೊಡ್ಡದಲ್ಲ.

ದೊಡ್ಡದು ಬೇರೆ. ಏನೇ ಪ್ರಿಂಟ್ ಬೇಕಾದರೂ ಅಂಗಡಿಯ ವಾಟ್ಸಾಪಿಗೆ ಕಳಿಸಬೇಕು. ಒಂದು ದಿನ ನನ್ನ ಸರದಿ ಕಾಯುತ್ತಾ ಆ ಪರದೆ ನೋಡಿದೆ. ನಮ್ಮ ಬೀದಿಯ ಅರ್ಧ ಜನರ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ಕು, ಯಾರದೋ ಸ್ಕ್ಯಾನಿಂಗ್ ರಿಪೋರ್ಟು, ಎಲ್ಲಾ ಸಾಲಾಗಿ ನಿಂತಿವೆ. ಹುಡುಗನ ತಪ್ಪೇನಿಲ್ಲ, ಅಳಿಸಲು ಪುರಸೊತ್ತಿಲ್ಲ ಅವನಿಗೆ. 2022ರ ಮೇ ತಿಂಗಳ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು, ನೆನಪಿದೆಯಾ? ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಕೊಡಿ ಅಂತ. ಎರಡೇ ದಿನಕ್ಕೆ, ಜನ ತಪ್ಪು ತಿಳಿದುಕೊಳ್ಳಬಹುದು ಅಂತ ಕೇಂದ್ರದವರು ಅದನ್ನು ವಾಪಸ್ ತೆಗೆದುಕೊಂಡರು. ನಾನು ಮಾತ್ರ ಪ್ರಕಟಣೆಯನ್ನೇ ಸರಿಯಾಗಿ ತಿಳಿದುಕೊಂಡೆ ಅನ್ನಿಸುತ್ತೆ. ಅಂಕಿ ಮುಚ್ಚಿದ ಆಧಾರ್ ಕೂಡ ಈಗ ಮನೆಯಲ್ಲೇ ತೆಗೆಯುತ್ತೇನೆ.

ಬಣ್ಣದ ಪ್ರಾಜೆಕ್ಟ್ ಇದ್ದರೆ ಈಗಲೂ ಅವನ ಅಂಗಡಿಗೇ ಹೋಗುತ್ತೇನೆ.

ಹಳೇ ಲೇಸರ್

ಕಂಪನಿ ಹೆಸರು ಬೇಡ. ರೀಫಿಲ್ ಅಂಗಡಿಗೆ ಹೋಗಿ "12ಎ ಟೋನರ್ ಹಾಕುವಂಥದ್ದು" ಅನ್ನಿ, ಸಾಕು. ಈ ಟೋನರ್ ಹಾಕಿಕೊಳ್ಳುವ ಪ್ರಿಂಟರುಗಳು ಯಾವ ಕಚೇರಿಗೆ ಹೋದರೂ ಕಾಣುತ್ತವೆ. ಮೂಲೆಯಲ್ಲಿ, ಧೂಳು ಹಿಡಿದು, ಮೇಲೆ ಕಡತಗಳ ಗುಡ್ಡ ಹೊತ್ತುಕೊಂಡು ಕೂತಿರುತ್ತವಲ್ಲ, ಅವೇ.

ಇದರಲ್ಲಿ ಇರುವುದು ಇಂಕಲ್ಲ, ಪುಡಿ. ಸಣ್ಣ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಅಂಟುತ್ತೆ. ಜೆರಾಕ್ಸ್ ಯಂತ್ರವೂ ಇದೇ ಜಾತಿ. 1938ರಲ್ಲಿ ನ್ಯೂಯಾರ್ಕ್‌ನ ಒಂದು ಬಾಡಿಗೆ ಕೋಣೆಯಲ್ಲಿ ಚೆಸ್ಟರ್ ಕಾರ್ಲ್‌ಸನ್ ಮಾಡಿ ತೋರಿಸಿದ ಒಣ ಮುದ್ರಣದ ಉಪಾಯ ಎರಡಕ್ಕೂ ತಾಯಿಬೇರು. ಪುಡಿ ಒಣಗುವುದೇನು ಬಂತು, ಅದು ಇರುವುದೇ ಒಣಗಿ. ಏಪ್ರಿಲ್, ಮೇ ಎರಡು ತಿಂಗಳು ಬಟ್ಟೆ ಮುಚ್ಚಿ ಹೋದೆ. ಜೂನ್ ಮೊದಲ ವಾರ ಬಂದು ಆನ್ ಮಾಡಿದೆ. ಮೊದಲ ಪುಟವೇ ಕಪ್ಪಗೆ, ಚೂಪಾಗಿ ಬಂತು. ಒತ್ತಕ್ಷರದ ಬಾಲದ ತುದಿವರೆಗೆ.

12ಎ ಟೋನರಿನಲ್ಲಿ ಚಿಪ್ ಇಲ್ಲ. ಕಂಪನಿ ಲೆಕ್ಕದಲ್ಲಿ 2,000 ಪುಟ. ಮುಗಿದರೆ ರೀಫಿಲ್ಲಿಗೆ 350 ರೂಪಾಯಿ. ರೀಫಿಲ್ ಆದ ಮೇಲೆ ನನಗೆ 1,500 ಪುಟ ಬರುತ್ತಿದೆ. ಅಂದರೆ ಪುಟಕ್ಕೆ ಇಪ್ಪತ್ತೈದು ಪೈಸೆಗಿಂತ ಕಮ್ಮಿ. ಕಾಗದ ಸೇರಿಸಿದರೂ ಒಂದು ರೂಪಾಯಿ ಮುಟ್ಟುವುದಿಲ್ಲ.

ರೀಫಿಲ್ ಮಾಡುವುದನ್ನು ನೋಡುವುದೇ ಒಂದು ಖುಷಿ. ಬಸ್ ಸ್ಟ್ಯಾಂಡ್ ಹತ್ತಿರ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ಟೋನರ್ ಬಿಚ್ಚಿ, ಹಳೇ ವೇಸ್ಟ್ ಪುಡಿ ತೆಗೆದು, ಬ್ಲೇಡ್ ಒರೆಸಿ, ಪುಡಿಯನ್ನು ಕಾಗದಕ್ಕೆ ದಾಟಿಸುವ ಹಸಿರು ಡ್ರಮ್ಮನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಡ್ರಮ್ ಇನ್ನೊಂದು ರೀಫಿಲ್ ಬರ್ತದೆ ಮೇಡಂ, ಈಗ್ಲೇ ಹಾಕ್ಸಬೇಡಿ" ಅಂದರು ಒಮ್ಮೆ. ಮಾರಾಟ ಮಾಡಬಹುದಾಗಿದ್ದ ಮಾಲನ್ನು ಬೇಡ ಅಂದವರನ್ನು ಈ ಪ್ರಿಂಟರ್ ಲೋಕದಲ್ಲಿ ಅದೇ ಮೊದಲು ನೋಡಿದ್ದು. ಅಷ್ಟರಲ್ಲಿ ಎದುರಿನ ಗಾಡಿಯಲ್ಲಿ ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ಮುಗಿಯುತ್ತೆ. ಕಾಗದ ಎರಡೆರಡು ಒಟ್ಟಿಗೆ ಎಳೆಯಲು ಶುರುವಾದಾಗ ಪಿಕಪ್ ರೋಲರ್ ಬದಲಾಯಿಸಿದರು, ಕೂಲಿ ಸೇರಿ 250 ರೂಪಾಯಿ.

ತೊಂದರೆ ಇಲ್ಲ ಅಂತಲ್ಲ, ಎರಡಿವೆ.

ಒಂದು, ಕರೆಂಟು. ಕಾಗದ ಬಿಸಿ ಮಾಡುವ ಹೊತ್ತಿಗೆ ಒಮ್ಮೆಲೇ ಜೋರು ಎಳೆಯುತ್ತೆ, ಕೋಣೆಯ ದೀಪ ಮಿಣುಕುತ್ತೆ. ನಮ್ಮ ಇನ್ವರ್ಟರ್ ಮೇಲೆ ಹಾಕಿದರೆ ಅದು ಕಿರುಚಿ ಬಂದ್ ಆಗುತ್ತೆ. ಕರೆಂಟ್ ಹೋದಾಗ ಪ್ರಿಂಟ್ ಇಲ್ಲ. ಕಂಪ್ಯೂಟರಿನ ಯುಪಿಎಸ್‌ಗೆ ಲೇಸರ್ ಸಿಕ್ಕಿಸಲೇಬೇಡಿ.

ಎರಡು, ಮೊಬೈಲು. ವೈಫೈ ಇಲ್ಲ, ಯುಎಸ್‌ಬಿ ಒಂದೇ. ವಯಸ್ಸಾದ ಪ್ರಿಂಟರ್ ಆದ್ದರಿಂದ ಹೊಸ ಕಂಪ್ಯೂಟರಿಗೆ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಹುಡುಕಾಟ ಬೇರೆ. ಇಲ್ಲಿ ನನ್ನ ತಮ್ಮನ ಮಗ ನೆರವಾದ. ಪರದೆ ಒಡೆದ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಪ್ರಿಂಟರನ್ನು ಅದಕ್ಕೆ ಸಿಕ್ಕಿಸಿದ. ಅದರಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಕಪ್ಸ್ ಅನ್ನುವ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದು) ಇದೆ, ಮೊದಲು ಬಂದಿದ್ದು 1999ರಲ್ಲಿ. ಕಂಪನಿ ಕೈಬಿಟ್ಟ ಎಷ್ಟೋ ಪ್ರಿಂಟರುಗಳನ್ನು ಅದೂ, ಅದರ ಜೊತೆ ಉತ್ಸಾಹಿಗಳು ಬಿಡುವಿನ ವೇಳೆಯಲ್ಲಿ ಬರೆದ ಡ್ರೈವರುಗಳೂ ಇನ್ನೂ ಸಾಕುತ್ತಿವೆ. ಈಗ ಲ್ಯಾಪ್‌ಟಾಪ್ ಮನೆ ವೈಫೈನಲ್ಲಿ ಪ್ರಿಂಟರನ್ನು ಹಂಚುತ್ತೆ. ನನ್ನ ಮೊಬೈಲಿನ ಪ್ರಿಂಟ್ ಪಟ್ಟಿಯಲ್ಲಿ ತಾನಾಗೇ ಕಾಣುತ್ತೆ. ಆ್ಯಪ್ ಬೇಡ, ಖಾತೆ ಬೇಡ, ಇಮೇಲ್ ಬೇಡ. ಹುಡುಗನಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಮಧ್ಯಾಹ್ನ ಹೋಳಿಗೆ ಊಟ ಹಾಕಿದ್ದೇ ಖರ್ಚು. ಇಂಥ ಹುಡುಗ ಮನೆಯಲ್ಲಿ ಇಲ್ಲದವರು ಯುಎಸ್‌ಬಿ ವೈರು ಹಿಡಿದುಕೊಂಡೇ ಬದುಕಬೇಕಾಗುತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಕೆಲಸ ಮಾಡುತ್ತಾ ಅವನು ಒಂದು ಕಥೆ ಹೇಳಿದ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್ ಅನ್ನುವವರ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತಂತೆ. ಪದೇ ಪದೇ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸಂದೇಶ ಹೋಗುವ ಹಾಗೆ ತಂತ್ರಾಂಶ ತಿದ್ದೋಣ ಅಂದರೆ ಅದರ ಮೂಲ ಬರಹ (ಸೋರ್ಸ್ ಕೋಡ್) ಕೊಡಲಿಲ್ಲ. ಆ ಸಿಟ್ಟು ಮನಸ್ಸಿನಲ್ಲೇ ಉಳಿದು, 1983ರಲ್ಲಿ ಅವರು ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಮುಕ್ತ ತಂತ್ರಾಂಶದ ಚಳವಳಿಗೆ ಒಂದು ಪ್ರಿಂಟರಿನ ಕಿರಿಕಿರಿಯೂ ಕಾರಣ ಅಂತ ಕೇಳಿ ನನಗೆ ಬಹಳ ಸಮಾಧಾನ ಆಯಿತು. ನಾನು ರಬ್ಬರ್ ಹಿಡಿದು ಉಜ್ಜಿದ ಆ ಭಾನುವಾರ ರಾತ್ರಿ ನೆನಪಾಯಿತು.

ಉಳಿದದ್ದು ಚುಟುಕಾಗಿ. ಎರಡೂ ಬದಿ ಪ್ರಿಂಟ್ ಬೇಕಾದರೆ ಕಾಗದ ಕೈಯಲ್ಲೇ ತಿರುಗಿಸಬೇಕು. ಸ್ಕ್ಯಾನ್‌ಗೆ ಮೊಬೈಲ್ ಕ್ಯಾಮೆರಾ ಸಾಕು. ಸದ್ದು ಮೂರರಲ್ಲೂ ಇದರದ್ದೇ ಜಾಸ್ತಿ. ಸೆಕೆಂಡ್ ಹ್ಯಾಂಡ್ ತರುವಾಗ ಇಪ್ಪತ್ತು ಪುಟ ಒಂದೇ ಸಮನೆ ತೆಗೆಸಿ ನೋಡಿ. ಬೆರಳಿನಿಂದ ಉಜ್ಜಿದರೆ ಪುಡಿ ಅಳಿಸಿಹೋಗುವ ಹಾಗಿದ್ದರೆ ಬೇಡ ಅನ್ನಿ, ಬಿಸಿ ಮಾಡುವ ಭಾಗ ಸೋತಿದೆ ಅಂತ ಅರ್ಥ.

ನನ್ನ ಲೆಕ್ಕ ಇಷ್ಟು. ಎರಡು ವರ್ಷದಲ್ಲಿ ಪ್ರಿಂಟರ್ 4,500, ಎರಡು ರೀಫಿಲ್ 700, ರೋಲರ್ 250. ಒಟ್ಟು 5,450 ರೂಪಾಯಿ, ಕಾಗದ ಬಿಟ್ಟು. ಕಾರ್ಟ್ರಿಡ್ಜ್ ಪ್ರಿಂಟರಿನಲ್ಲಿ ಇಷ್ಟು ದುಡ್ಡಿಗೆ ಆರು ಡಬ್ಬ ಇಂಕ್ ಬರುತ್ತಿತ್ತು. ಅವ್ವನ ಮಂಡಳಿಯವರು ಈಗ ಅಕ್ಷರ ಇನ್ನೂ ದೊಡ್ಡದು ಮಾಡು ಅಂತ ಕೇಳಿದರೆ ಇಲ್ಲ ಅನ್ನುವುದಿಲ್ಲ.

ಆ ಕಾರ್ಟ್ರಿಡ್ಜ್ ಪ್ರಿಂಟರು ಒಂದು ವರ್ಷ ಅಟ್ಟದ ಮೇಲಿತ್ತು. ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಇಳಿಸಿ ಗುಜರಿಯವನಿಗೆ ತೋರಿಸಿದೆ. ತೂಗಿ ನೋಡಿ ಅರವತ್ತು ರೂಪಾಯಿ ಕೊಟ್ಟ. ಒಳಗಿದ್ದ ಕಾರ್ಟ್ರಿಡ್ಜ್ ಎರಡನ್ನೂ ಕಿತ್ತು ನನ್ನ ಕೈಗೇ ವಾಪಸ್ ಇಟ್ಟ. "ಇವು ಯಾರಿಗೂ ಬ್ಯಾಡ್ರಿ ಅಕ್ಕಾ" ಅಂದ.